ಉಪ್ಪು ತಿಂದವರು, ನೀರು ಕುಡಿದವರು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕಾರವಾರದ ನಮ್ಮ ಮನೆಯ ಜಗಲಿಯಲ್ಲಿ ಸೋದರತ್ತೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಳ್ಳಲು ಹೆಣಗುತ್ತಿದ್ದರು. ಆಗದಿದ್ದಾಗ ಅವರಿಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಮತ್ತೆ ಅದೇ ಚಪ್ಪಲಿಯನ್ನು ಅದೇ ಕಾಲಿಗೆ ತೂರಿಸಲು ನೋಡಿದರು. ನಾನು ಬಗ್ಗಿ ಸರಿಪಡಿಸುತ್ತಿರುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, ತೀರಿಕೊಂಡು ಹದಿನಾರು ವರ್ಷಗಳಾದ ನನ್ನ ಅಪ್ಪನ ಹೆಸರು ಹಿಡಿದು, "ಭರತ ಇಳೀತೇನೋ? ಆಗರಕ್ಕೆ ನೀರು ಬಿಟ್ರಾ?" ಎಂದು ಕೇಳಿದರು. ಭರತವೆಂದರೆ ಕಡಲಿನ ಉಬ್ಬರ. ಕಡಲ ನೀರನ್ನು ಒಣಗಿಸಿ ಉಪ್ಪು ತೆಗೆಯುವ ಆ ಆಗರವಿರುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ. ಅತ್ತೆ ನಮ್ಮ ಮನೆಗೆ ಬಂದು ಆಗಲೇ ಒಂಬತ್ತು ದಿನವಾಗಿತ್ತು.

ಪಾರ್ಶ್ವವಾಯು ಇರಬಹುದೆಂದು ಹೆದರಿ ಆಸ್ಪತ್ರೆಗೆ ಓಡಿದೆವು. ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಒಂದು ಗಂಟೆಯ ನಂತರ ಬಂದ ರಕ್ತದ ವರದಿಯಲ್ಲಿ ಒಂದೇ ಒಂದು ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದಿದ್ದರು: ಸೋಡಿಯಂ, ಲೀಟರಿಗೆ 116 ಮಿಲಿಮೋಲ್. ಆರೋಗ್ಯವಂತರಲ್ಲಿ ಅದು 135ರಿಂದ 145ರ ನಡುವೆ ಇರಬೇಕು. ಅಂಕೋಲೆಯಿಂದ ಭಟ್ಕಳದವರೆಗೆ ಹರಡಿರುವ ನಮ್ಮ ಬಳಗಕ್ಕೆ ಫೋನಿನಲ್ಲಿ ಸುದ್ದಿ ಮುಟ್ಟಿತು, ಮತ್ತು ಎಲ್ಲರೂ ಒಂದೇ ಮಾತು ಹೇಳಿದರು: ಬಿ.ಪಿ. ಎಂದು ಉಪ್ಪು ಬಿಡಿಸಿದಿರಲ್ಲ, ಅದಕ್ಕೇ ಹೀಗಾಯಿತು, ಉಪ್ಪು ಕೊಡಿ. ನಾನೂ ಹಾಗೆಯೇ ತಿಳಿದಿದ್ದೆ. ಗಂಡ ಮೂವತ್ತು ವರ್ಷ ಉಪ್ಪಿನಾಗರದಲ್ಲಿ ದುಡಿದ ಮನೆಯ ಹೆಂಗಸಿಗೆ ಮೈಯಲ್ಲಿ ಉಪ್ಪಿಲ್ಲದಂತಾಯಿತಲ್ಲ ಎಂದು ಯೋಚಿಸಿ ಆ ಗಡಿಬಿಡಿಯಲ್ಲೂ ಒಂದು ಬಗೆಯ ಕಹಿ ನಗು ಬಂದಿತ್ತು.

ಆದರೆ ಪಾಳಿಯಲ್ಲಿದ್ದ ವೈದ್ಯೆ ಉಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. ಅವರ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?" ಎಂಬುದಾಗಿತ್ತು.

ನಾನು ಹೆಮ್ಮೆಯಿಂದ ಉತ್ತರಿಸಿದೆ. ಕಾರವಾರದ ಸೆಕೆಗೆ ಹೆದರಿ ನಾವು ಅತ್ತೆಗೆ ದಿನಕ್ಕೆ ಮೂರು ಲೀಟರ್ ನೀರು ಲೆಕ್ಕ ಹಾಕಿ ಕುಡಿಸುತ್ತಿದ್ದೆವು. ಮಗಳು ಒಂದು ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಹತ್ತು ಗಂಟೆಗೆ ಇಲ್ಲಿಯವರೆಗೆ, ಹನ್ನೆರಡಕ್ಕೆ ಇಲ್ಲಿಯವರೆಗೆ ಎಂದು ಗುರುತು ಮಾಡಿದ್ದಳು. ಅತ್ತೆ ಮೊದಲೆರಡು ದಿನ, ಬಾಯಾರಿಕೆಯೇ ಇಲ್ಲ, ಯಾಕೆ ಇಷ್ಟು ಕುಡಿಸುತ್ತೀರಿ ಎಂದು ಗೊಣಗಿ, ಆಮೇಲೆ ನೆಂಟರ ಮನೆಯ ಮರ್ಯಾದೆಗೆಂದು ಸುಮ್ಮನೆ ಕುಡಿಯತೊಡಗಿದ್ದರು. ವೈದ್ಯೆ ಎಲ್ಲವನ್ನೂ ಕೇಳಿಸಿಕೊಂಡು, ಬಿ.ಪಿ. ಗುಳಿಗೆಯ ಚೀಟಿ ನೋಡಿ, ಎರಡು ಸಾಲು ಬರೆದರು. ಒಂದು, ಈ ಗುಳಿಗೆ ನಿಲ್ಲಿಸಿ. ಇನ್ನೊಂದು, ನೀರು, ಚಹಾ, ಗಂಜಿ ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಮೀರಬಾರದು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆಯನ್ನು ನಾವೆಲ್ಲ ಮಾಡಿದ ತಪ್ಪಿಗೆ ತೆರಬೇಕಾದ ಬೆಲೆಯ ಅರ್ಥದಲ್ಲಿ ಬಳಸುತ್ತೇವೆ. ಶರೀರಶಾಸ್ತ್ರದಲ್ಲಿ ಅದು ಅಕ್ಷರಶಃ ನಿಜ. ಆದರೆ ನೀರು ಕುಡಿದವನ ಕಥೆ ಏನು ಎಂಬುದನ್ನು ಆ ಗಾದೆ ಹೇಳುವುದಿಲ್ಲ.

ವರದಿಯಲ್ಲಿ ಬರುವ ಸೋಡಿಯಂ ಅಂಕಿ ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂಬುದನ್ನು ತಿಳಿಸುವುದಿಲ್ಲ. ಎಷ್ಟು ನೀರಿಗೆ ಎಷ್ಟು ಉಪ್ಪು ಎಂಬುದನ್ನಷ್ಟೇ ತಿಳಿಸುತ್ತದೆ. ಇದು ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಆದರೆ ಆಗರದ ಬದಿಯಲ್ಲಿ ಬೇಸಿಗೆ ರಜೆ ಕಳೆದ ನನಗೆ ಇದು ಹೇಳಿಸಿಕೊಳ್ಳದೆಯೇ ತಿಳಿಯಬೇಕಿತ್ತು. ಅಲ್ಲಿ ಯಾರೂ ಉಪ್ಪನ್ನು ಎಲ್ಲಿಂದಲೋ ತಂದು ಸುರಿಯುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೂ ಗಾಳಿಗೂ ಬಿಟ್ಟರೆ, ಹತ್ತರಲ್ಲಿ ಒಂಬತ್ತು ಪಾಲು ನೀರು ಹಾರಿಹೋದ ಮೇಲೆ ಪಾತಿಯ ಅಂಚಿನಲ್ಲಿ ಮೊದಲು ಹಾಲಿನ ಕೆನೆಯಂಥ ಒಂದು ಪೊರೆ ಕಟ್ಟುತ್ತದೆ. ಮುಟ್ಟಿದರೆ ಅದು ಮುರಿದು ಮುಳುಗುತ್ತದೆ, ಮುಳುಗಿದ್ದು ತಳದಲ್ಲಿ ಹರಳಾಗುತ್ತದೆ. ಮಾವ ಅದನ್ನು ಮರದ ಹಲಗೆಯಿಂದ ಬದುವಿನತ್ತ ಎಳೆದು ರಾಶಿ ಮಾಡುತ್ತಿದ್ದರು. ಹೊಸದಾಗಿ ಸೇರಿದ್ದು ಏನೂ ಇಲ್ಲ. ನೀರು ಹೋಯಿತು, ಉಪ್ಪು ಕಾಣಿಸಿಕೊಂಡಿತು. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಇಡೀ ವಾರದ ಕೆಲಸ ಒಂದು ಗಂಟೆಯಲ್ಲಿ ಕರಗಿಹೋಗುತ್ತಿತ್ತು. ಆಗಲೂ ಉಪ್ಪೇನೂ ಕಳೆದುಹೋಗಿರುತ್ತಿರಲಿಲ್ಲ, ಪಾತಿಯಲ್ಲಿಯೇ ಇರುತ್ತಿತ್ತು. ನೀರು ಹೆಚ್ಚಾಗಿ ಅದು ಇಲ್ಲದಂತಾಗುತ್ತಿತ್ತು, ಅಷ್ಟೇ. ಅತ್ತೆಯ ರಕ್ತಕ್ಕೆ ಆಗಿದ್ದು ಈ ಅಕಾಲದ ಮಳೆ. ಆ ಮಳೆ ಸುರಿಸಿದವರು ನಾವು.

ಹಾಗಾದರೆ ನೀವು ನಾನು ಮೂರು ಲೀಟರ್ ಕುಡಿದರೆ ಏಕೆ ಹೀಗಾಗುವುದಿಲ್ಲ? ಏಕೆಂದರೆ ಮೈಯೊಳಗೆ ಒಬ್ಬ ನೀರಗಂಟಿ ಇದ್ದಾನೆ. ಮೆದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿರುವ ಕೆಲವು ಜೀವಕೋಶಗಳು ರಕ್ತ ಗಟ್ಟಿಯಾಯಿತೇ ತೆಳುವಾಯಿತೇ ಎಂಬುದನ್ನು ಶೇಕಡಾ 1ರಿಂದ 2ರಷ್ಟು ವ್ಯತ್ಯಾಸದಲ್ಲೇ ಗುರುತಿಸುತ್ತವೆ. ನಮ್ಮ ನಾಲಿಗೆ ಸಾರಿನ ಉಪ್ಪನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಲಾರದು. ರಕ್ತ ಗಟ್ಟಿಯಾದರೆ ಎರಡು ಕೆಲಸಗಳು ಒಟ್ಟಿಗೇ ಆಗುತ್ತವೆ: ಬಾಯಾರಿಕೆಯಾಗುತ್ತದೆ ಮತ್ತು ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ತೆಳುವಾದರೆ ಎರಡೂ ನಿಲ್ಲುತ್ತವೆ. ಆ ಹಾರ್ಮೋನಿನ ಆಜ್ಞೆಯನ್ನು ನಡೆಸುವುದು ಮೂತ್ರಪಿಂಡ.

ಮೂತ್ರಪಿಂಡದ ಕೆಲಸ ನೋಡಿದರೆ ಮೊದಲು ಇದು ಶುದ್ಧ ದುಂದು ಎನ್ನಿಸುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅದು ರಕ್ತದಿಂದ ಸೋಸಿ ಹೊರಗೆ ಹಾಕುತ್ತದೆ, ಆಮೇಲೆ ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ಮರಳಿ ಹೀರಿಕೊಳ್ಳುತ್ತದೆ. ರಕ್ತದ ನೀರಿನ ಭಾಗ ಇರುವುದೇ ಸುಮಾರು ಮೂರು ಲೀಟರ್. ಅಂದರೆ ಅದೇ ನೀರನ್ನು ದಿನಕ್ಕೆ ಅರವತ್ತು ಸಲ ಹೊರಗೆ ಚೆಲ್ಲಿ ಅರವತ್ತು ಸಲ ಒಳಗೆ ತುಂಬಿಕೊಳ್ಳುವ ವ್ಯವಹಾರ ಇದು. ಏನನ್ನು ಚೆಲ್ಲಬೇಕೆಂದು ಹುಡುಕುವ ಬದಲು ಎಲ್ಲವನ್ನೂ ಚೆಲ್ಲಿ, ಬೇಕಾದುದನ್ನಷ್ಟೇ ಹೆಕ್ಕಿಕೊಳ್ಳುವ ಕ್ರಮ. ಅಘನಾಶಿನಿ ನದಿಯ ದಡದ ಗಜನಿ ಗದ್ದೆಗಳನ್ನು, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳನ್ನು, ನೋಡಿದವರಿಗೆ ಇದರ ಅರ್ಧ ಅರ್ಥವಾಗುತ್ತದೆ. ಅಲ್ಲಿ ಒಡ್ಡಿಗೆ ಕೂರಿಸಿದ ಜಂತ್ರಡಿಯ ಹಲಗೆ ಬಾಗಿಲುಗಳು ಉಬ್ಬರದ ಉಪ್ಪು ನೀರನ್ನು ತಡೆದು, ಇಳಿತದಲ್ಲಿ ಒಳಗಿನ ನೀರನ್ನು ಹೊರಗೆ ಬಿಡುತ್ತವೆ. ಮಳೆಗಾಲದಲ್ಲಿ ಸಿಹಿನೀರು ನಿಂತಾಗ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದೂ ಆಮೇಲೆ ಅದೇ ನೆಲದಲ್ಲಿ ಮೀನು ಸಿಗಡಿ ಹಿಡಿಯುವುದೂ ಈ ಬಾಗಿಲುಗಳ ಭರವಸೆಯ ಮೇಲೆ. ಮೂತ್ರಪಿಂಡದ ಕೊನೆಯ ಕೊಳವೆಗಳ ಗೋಡೆಯಲ್ಲೂ ಇಂಥ ಬಾಗಿಲುಗಳಿವೆ. ವಾಸೊಪ್ರೆಸಿನ್ ಬಂದಾಗ ಅವು ಗೋಡೆಗೆ ಬಂದು ಕೂರುತ್ತವೆ, ನೀರು ಮೈಗೆ ಮರಳುತ್ತದೆ. ಹಾರ್ಮೋನು ನಿಂತಾಗ ಅವು ಒಳಕ್ಕೆ ಸರಿಯುತ್ತವೆ, ನೀರು ಹೊರಗೆ ಹೋಗುತ್ತದೆ. ನೀರಿಗೆಂದೇ ಇಂಥ ಬಾಗಿಲುಗಳಿವೆಯೆಂದು ಪೀಟರ್ ಆಗ್ರೆ ತೋರಿಸಿಕೊಟ್ಟದ್ದು 1990ರ ದಶಕದ ಆರಂಭದಲ್ಲಿ. ಅವುಗಳಿಗೆ ಆಕ್ವಾಪೊರಿನ್ ಎಂದು ಹೆಸರು. ಅದಕ್ಕಾಗಿ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಈಗ ಗುಳಿಗೆಯ ವಿಷಯ. ಥಯಾಜೈಡ್ ಎಂಬ ಗುಂಪಿನ ಈ ಅಗ್ಗದ, ಒಳ್ಳೆಯ ಗುಳಿಗೆಗಳು ರಕ್ತದೊತ್ತಡಕ್ಕೆ ದಶಕಗಳಿಂದ ಬಳಕೆಯಲ್ಲಿವೆ. ಮೂತ್ರವನ್ನು ತೆಳುಮಾಡಲು ಮೂತ್ರಪಿಂಡ ಒಂದು ಜಾಗದಲ್ಲಿ ನೀರನ್ನು ಬಿಟ್ಟು ಉಪ್ಪನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಗುಳಿಗೆ ಸರಿಯಾಗಿ ಆ ಜಾಗಕ್ಕೇ ತಡೆ ಒಡ್ಡುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಸಣ್ಣ ಮೈಕಟ್ಟಿನ ಹೆಂಗಸರಲ್ಲಿ, ಕೆಲವರಿಗೆ ಮಾತ್ರ ಹೆಚ್ಚಿನ ನೀರನ್ನು ಹೊರಹಾಕುವ ಶಕ್ತಿಯೇ ಕುಗ್ಗುತ್ತದೆ. ಇದನ್ನು ಓದಿ ಯಾರೂ ತಮ್ಮ ಗುಳಿಗೆ ನಿಲ್ಲಿಸಬಾರದು. ನಿಲ್ಲಿಸುವುದು ಹೇಗೆ ಅಪಾಯವಾಗಬಹುದು ಎಂಬುದು ಮುಂದೆ ಬರುತ್ತದೆ. ಆದರೆ ಎರಡು ತಿಂಗಳ ಹಿಂದೆ ಅತ್ತೆಗೆ ಗುಳಿಗೆ ಬದಲಿಸಿಕೊಟ್ಟವರು, ಒಂದೆರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಎಂಬ ಒಂದು ಮಾತನ್ನು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಆ ಬೇಸರ ಇನ್ನೂ ಇದೆ.

ಗುಳಿಗೆಯಷ್ಟೇ ಪಾಲು ಊಟಕ್ಕೂ ಇತ್ತು, ಮತ್ತು ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಅದೇ. ಮೂತ್ರಪಿಂಡ ಬರೀ ನೀರನ್ನು ಹೊರಗೆ ಕಳಿಸಲಾರದು. ನೀರಿನ ಜತೆ ಏನಾದರೂ ಕರಗಿದ ವಸ್ತು ಹೋಗಲೇಬೇಕು. ಎಷ್ಟೇ ತೆಳುವಾದರೂ ಮೂತ್ರದಲ್ಲಿ ಲೀಟರಿಗೆ ಸುಮಾರು 50 ಮಿಲಿಆಸ್ಮೋಲಿನಷ್ಟು (ಕರಗಿದ ಕಣಗಳನ್ನು ಎಣಿಸುವ ಅಳತೆ ಇದು) ಕಣಗಳು ಇರುತ್ತವೆ, ಎಷ್ಟೇ ಗಟ್ಟಿಯಾದರೂ ಸುಮಾರು 1200ನ್ನು ದಾಟುವುದಿಲ್ಲ. ಅನ್ನ, ಬೇಳೆ, ಮೀನು, ಪಲ್ಯ ಉಣ್ಣುವ ಮನುಷ್ಯನಿಗೆ ದಿನಕ್ಕೆ ಹೊರಹಾಕಲು 600 ಮಿಲಿಆಸ್ಮೋಲಿನಷ್ಟು ಸರಕು ಸಿಗುತ್ತದೆ. ಅಷ್ಟನ್ನು 50ರಂತೆ ಹಂಚಿದರೆ ಹನ್ನೆರಡು ಲೀಟರ್ ನೀರನ್ನು ಸಾಗಹಾಕಬಹುದು. ಅತ್ತೆಯ ಹಲ್ಲಿನ ಸೆಟ್ಟು ಸಡಿಲವಾಗಿ ಮೀನು ಬಿಟ್ಟಿತ್ತು, ಬಿ.ಪಿ.ಯಿಂದಾಗಿ ಒಣಮೀನು, ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದವು. ಉಳಿದದ್ದು ಗಂಜಿ ಮತ್ತು ಚಹಾ. ಅಕ್ಕಿಯ ಪಿಷ್ಟ ಮೈಯಲ್ಲಿ ಉರಿದು ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತದೆ; ಮೂತ್ರಕ್ಕೆ ಅದರಿಂದ ಬರುವ ಸರಕು ಬಹಳ ಕಡಿಮೆ. ಲೆಕ್ಕಕ್ಕೆಂದು ದಿನಕ್ಕೆ 200 ಎಂದಿಟ್ಟುಕೊಳ್ಳಿ. ಗುಳಿಗೆಯ ದೆಸೆಯಿಂದ ಮೂತ್ರ ಲೀಟರಿಗೆ 200ಕ್ಕಿಂತ ತೆಳುವಾಗುತ್ತಿಲ್ಲ ಎಂದೂ ಇಟ್ಟುಕೊಳ್ಳಿ. ಆಗ ಹೊರಹೋಗಬಹುದಾದ ನೀರು ಒಂದೇ ಲೀಟರ್. ನಾವು ಕುಡಿಸುತ್ತಿದ್ದುದು ಮೂರು. ಬೆವರು, ಉಸಿರುಗಳಲ್ಲಿ ಹೋಗುವುದನ್ನು ಕಳೆದರೂ ಪ್ರತಿ ದಿನ ಒಂದಷ್ಟು ನೀರು ಒಳಗೇ ಉಳಿಯುತ್ತಿತ್ತು. ಗಂಜಿ ಊಟ, ನಿಧಾನದ ಊಟ, ವಯಸ್ಸಾದವರಿಗೆ ಹಿತವಾದ ಊಟ ಎಂದು ನಾವು ನೆಮ್ಮದಿಯಿಂದಿದ್ದೆವು.

ಇದೇ ಲೆಕ್ಕದ ಇನ್ನೊಂದು ತುದಿ ಕಡಲಿನ ಮೇಲೆ ದುಡಿಯುವವರಿಗೆ ಚೆನ್ನಾಗಿ ಗೊತ್ತು. ಸುತ್ತ ಕಣ್ಣು ಹಾಯುವಷ್ಟು ನೀರಿದ್ದರೂ ದೋಣಿಯಲ್ಲಿ ಸಿಹಿನೀರಿನ ಕ್ಯಾನು ಇರಲೇಬೇಕು. ಮೂತ್ರಪಿಂಡ ಉಪ್ಪನ್ನು ಸಮುದ್ರದಷ್ಟು ಗಟ್ಟಿ ಮಾಡಿ ಹೊರಹಾಕಲಾರದಾದ್ದರಿಂದ, ಒಂದು ಲೋಟ ಕಡಲ ನೀರಿನ ಉಪ್ಪನ್ನು ಕಳೆಯಲು ಒಂದು ಲೋಟಕ್ಕಿಂತ ಹೆಚ್ಚು ನೀರು ಮೈಯಿಂದಲೇ ಹೋಗಬೇಕಾಗುತ್ತದೆ.

ನಿಜವಾಗಿ ಉಪ್ಪನ್ನೇ ಕಳೆದುಕೊಳ್ಳುವವರು ಬೇರೆ. ಮಾವನ ಖಾಕಿ ಅಂಗಿಯ ಬೆನ್ನಿನ ಮೇಲೆ ಸಂಜೆಯ ಹೊತ್ತಿಗೆ ಬಿಳಿಯ ಗೆರೆಗಳು ಮೂಡಿರುತ್ತಿದ್ದವು, ಒಂದರೊಳಗೊಂದು, ಕೆರೆ ಬತ್ತುವಾಗ ದಡದಲ್ಲಿ ಉಳಿಯುವ ಗುರುತುಗಳ ಹಾಗೆ. ಅದು ಆಗರದ ಉಪ್ಪೆಂದು ನಾನು ತಿಳಿದಿದ್ದೆ. ಅತ್ತೆ ಬಟ್ಟೆ ನೆನೆಸುತ್ತ, ಅಲ್ಲ ಮಾರಾಯ, ಇದು ಅವರದ್ದೇ ಎಂದಿದ್ದರು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಕ್ಕಿಂತ ತೊಟ್ಟಿಕ್ಕುವುದೇ ಹೆಚ್ಚು. ಆರಿದ ಬೆವರು ಮಾತ್ರ ಮೈಯನ್ನು ತಂಪು ಮಾಡುತ್ತದೆ, ತೊಟ್ಟಿಕ್ಕಿದ್ದು ನಷ್ಟ. ಆದರೂ ಬೆವರಿನ ಗ್ರಂಥಿ ಜಿಪುಣ. ಅದು ಬುಡದಲ್ಲಿ ರಕ್ತದಷ್ಟೇ ಉಪ್ಪಾದ ದ್ರವವನ್ನು ಹುಟ್ಟಿಸಿ, ಮೇಲೆ ಬರುವ ಕೊಳವೆಯಲ್ಲಿ ಉಪ್ಪಿನ ದೊಡ್ಡ ಪಾಲನ್ನು ಹಿಂದೆ ಪಡೆಯುತ್ತದೆ. ಬಿಸಿಲಿನ ದುಡಿಮೆಗೆ ಒಂದೆರಡು ವಾರ ಒಗ್ಗಿದ ಮೇಲೆ ಇನ್ನೂ ಹೆಚ್ಚು ಹಿಂದೆ ಪಡೆಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಮೆಕ್‌ಕಾನ್ಸ್ ಎಂಬ ವೈದ್ಯ 1930ರ ದಶಕದಲ್ಲಿ ಉಪ್ಪಿಲ್ಲದ ಊಟ ಮಾಡಿ, ಶಾಖದಲ್ಲಿ ಮಲಗಿ ಬೆವರು ಸುರಿಸಿ, ತನ್ನ ಮೇಲೂ ಕೆಲವು ಸ್ವಯಂಸೇವಕರ ಮೇಲೂ ಪ್ರಯೋಗ ಮಾಡಿದ್ದರು. ಅವರಿಗೆ ಊಟ ರುಚಿಗೆಟ್ಟಿತು, ಸ್ನಾಯುಗಳು ಹಿಡಿದುಕೊಂಡವು, ಎಲ್ಲ ಕೆಲಸವೂ ಆಯಾಸವೆನಿಸಿತು. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದವರಿಗೆ ಈ ಪ್ರಯೋಗದ ಅಗತ್ಯವಿರಲಿಲ್ಲವೇನೋ. ಬಿಸಿಲಿಗೆ ಬೆವರುವವನ ಉಪ್ಪಿನ ಮೇಲೆ ತೆರಿಗೆ ಹಾಕುವುದೆಂದರೆ ಏನೆಂದು ಅವರ ಅಂಗಿಗಳೇ ಹೇಳುತ್ತಿದ್ದಿರಬೇಕು.

ಒಳಗಿನ ಸ್ಥಿತಿಯನ್ನು ಕಾಯ್ದುಕೊಳ್ಳುವ ಈ ಇಡೀ ವ್ಯವಹಾರವನ್ನು ಕನ್ನಡದ ಪಠ್ಯಗಳಲ್ಲಿ ಸಮಸ್ಥಿತಿ ಎನ್ನುತ್ತಾರೆ. ನನಗೆ ಆ ಪದದ ಮೇಲೆ ಸ್ವಲ್ಪ ತಕರಾರಿದೆ: ಅದನ್ನು ಕೇಳಿದೊಡನೆ ಯೋಗದ ತರಗತಿಯಲ್ಲಿ ಕಾಲು ಜೋಡಿಸಿ ಅಲುಗಾಡದೆ ನಿಂತ ಮನುಷ್ಯ ನೆನಪಾಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, ಜೀವಿ ನಿಜವಾಗಿ ಬದುಕುವುದು ಹೊರಗಿನ ಗಾಳಿಯಲ್ಲಲ್ಲ, ತನ್ನ ಜೀವಕೋಶಗಳನ್ನು ಸುತ್ತುವರಿದ ಒಳಗಿನ ದ್ರವದಲ್ಲಿ ಎಂದೂ, ಆ ಒಳಗಿನ ಪರಿಸರ ಸ್ಥಿರವಾಗಿರುವುದೇ ಸ್ವತಂತ್ರ ಬದುಕಿಗೆ ಆಧಾರ ಎಂದೂ ಹೇಳಿದ್ದರು. 1920ರ ದಶಕದಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೊಸ್ಟೇಸಿಸ್ ಎಂದು ಹೆಸರಿಟ್ಟರು. ಅದು ನಿಂತ ನೀರಲ್ಲ, ಒಂದೇ ಅಲ್ಲದಿದ್ದರೂ ಒಂದೇ ಥರದ ಸ್ಥಿತಿ ಎಂದು ಅವರೇ ಎಚ್ಚರಿಸಿದ್ದರು. ಆದರೆ ಆ ಐದಾರು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ನಾನು ಕಲಿತದ್ದು ಈ ಇಬ್ಬರೂ ಒತ್ತಿ ಹೇಳಿದ ಸಂಗತಿಯಲ್ಲ. ಸರಿಯಾದ ಅಳತೆಯನ್ನು ಕಾಯಲಾಗದಿದ್ದಾಗ ದೇಹ ತಪ್ಪು ಅಳತೆಗೂ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿಕೊಂಡ ದೇಹಕ್ಕೆ ಸರಿಯಾದದ್ದು ಥಟ್ಟನೆ ಬಂದರೂ ಪೆಟ್ಟೇ.

ರಕ್ತ ತೆಳುವಾದಾಗ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಬೇರೆ ಅಂಗಗಳು ಸ್ವಲ್ಪ ಊದಿಕೊಂಡರೆ ಚಿಂತೆಯಿಲ್ಲ. ಮೆದುಳು ಮಾತ್ರ ತಲೆಬುರುಡೆಯೊಳಗೆ ಇಕ್ಕಟ್ಟಿನಲ್ಲಿದೆ. ಹಾಗಾಗಿ ಮೆದುಳಿನ ಕೋಶಗಳು ತಮ್ಮೊಳಗಿನ ಪೊಟ್ಯಾಸಿಯಂ ಮತ್ತಿತರ ಕರಗಿದ ವಸ್ತುಗಳನ್ನು ಹೊರಗೆ ಹಾಕಿ, ಎರಡು ದಿನಗಳಲ್ಲಿ ಹೊರಗಿನ ತೆಳುವಿಗೆ ತಕ್ಕಂತೆ ತಾವೂ ತೆಳುವಾಗುತ್ತವೆ. ಊತ ಇಳಿಯುತ್ತದೆ. ಮಂಕು ಹಿಡಿದಿದ್ದರೂ ಮನುಷ್ಯ ಬದುಕಿರುತ್ತಾನೆ. ಇಂಥ ಮೆದುಳಿನ ಸುತ್ತ ಸೋಡಿಯಂ ಒಮ್ಮೆಗೇ ಏರಿದರೆ, ಬಿಸಾಡಿದ ಸಾಮಾನನ್ನು ಅಷ್ಟು ಬೇಗ ಮರಳಿ ತಂದುಕೊಳ್ಳಲಾಗದೆ ಕೋಶಗಳು ಕುಗ್ಗುತ್ತವೆ, ನರಗಳ ಹೊದಿಕೆ ಕಳಚಿಕೊಳ್ಳುತ್ತದೆ, ಮತ್ತು ಕೆಲವು ದಿನಗಳ ಬಳಿಕ ಮಾತು, ನುಂಗುವಿಕೆ, ಕೈಕಾಲುಗಳ ಚಲನೆ ಹೋಗಬಹುದು. ಅದಕ್ಕೇ 24 ಗಂಟೆಗಳಲ್ಲಿ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರಲು ಬಿಡಬಾರದೆಂಬುದು ವೈದ್ಯರ ಎಚ್ಚರಿಕೆ. ಇದು ತಿಳಿಯದ ನಾನು ಮೊದಲ ದಿನ, ಸಲೈನ್ ಇಷ್ಟು ನಿಧಾನ ಏಕೆ, ಇನ್ನೊಂದು ಬಾಟಲಿ ಹಚ್ಚಬಾರದೇ ಎಂದು ಸಿಸ್ಟರ್ ಹತ್ತಿರ ಜಗಳವಾಡಿದ್ದೆ. ಅವರು ನೂರು ಮಿಲಿಲೀಟರಿನ ಆ ಪುಟ್ಟ ಬಾಟಲಿ ತೋರಿಸಿ, ಇದು ಸಾಮಾನ್ಯ ಸಲೈನ್ ಅಲ್ಲ, ಶೇಕಡಾ 3ರದ್ದು, ಎಂದಷ್ಟೇ ಹೇಳಿದ್ದರು. ಸಾಮಾನ್ಯ ಸಲೈನ್ ಶೇಕಡಾ 0.9ರದ್ದು.

ಮೊದಲ ದಿನ 116 ಇದ್ದದ್ದು 121 ಆಯಿತು. ಎರಡನೆಯ ರಾತ್ರಿ ಹನ್ನೊಂದರ ಸುಮಾರಿಗೆ ಮಂಚದ ಬದಿಯಲ್ಲಿ ತೂಗುತ್ತಿದ್ದ ಮೂತ್ರದ ಚೀಲ ತುಂಬತೊಡಗಿತು. ಅಲ್ಲಿಯವರೆಗೆ ಕಡು ಹಳದಿಯಾಗಿದ್ದದ್ದು ಈಗ ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಗುಳಿಗೆಯ ಹಿಡಿತ ತಪ್ಪಿ ಜಂತ್ರಡಿ ತೆರೆದುಕೊಂಡಿತ್ತು. ವಾರದಿಂದ ತಡೆದು ನಿಂತಿದ್ದ ನೀರು ಒಂದೇ ಇಳಿತದಲ್ಲಿ ಹೊರಟಿತ್ತು. ನಾನು ಒಳ್ಳೆಯದಾಯಿತು ಎಂದುಕೊಂಡೆ. ಸಿಸ್ಟರ್ ಚೀಲದ ಅಳತೆ ನೋಡಿ ಓಡಿಹೋಗಿ ವೈದ್ಯೆಯನ್ನು ಎಬ್ಬಿಸಿ ಕರೆತಂದರು. ರಕ್ತ ಪರೀಕ್ಷೆಯಲ್ಲಿ 127 ಬಂತು. ನಿನ್ನೆಯವರೆಗೆ ಅಳೆದು ಅಳೆದು ನೀರು ಕೊಡಿ ಎಂದಿದ್ದ ಅದೇ ವೈದ್ಯೆ, "ಈಗ ಅವರಿಗೆ ನೀರು ಕುಡಿಸಿ. ಎಬ್ಬಿಸಿ ಕುಡಿಸಿ" ಎಂದರು. ನಾನು ಅವರ ಮುಖವನ್ನೇ ನೋಡಿದೆ. "ಸರಿಯಾಗುತ್ತಿದೆ. ಆದರೆ ಬೇಗ ಆಗುತ್ತಿದೆ," ಎಂದರು. ಬೆಳಗಿನ ನಾಲ್ಕು ಗಂಟೆಯವರೆಗೆ ನಾನು ಒಂದೊಂದೇ ಲೋಟ ಕುಡಿಸುತ್ತ, ಸಿಸ್ಟರ್ ಗಂಟೆಗೊಮ್ಮೆ ಚೀಲ ಅಳೆಯುತ್ತ ಕಳೆದೆವು. ಅತ್ತೆ ನಿದ್ದೆಗಣ್ಣಿನಲ್ಲಿ ಎರಡು ಗುಟುಕು ಕುಡಿದು, ಈ ಸಲ ನನ್ನದೇ ಹೆಸರು ಹಿಡಿದು, ನಿಂಗೆ ಹುಚ್ಚು ಎಂದರು.

ಆರನೆಯ ದಿನ ಅಂಕಿ 134ಕ್ಕೆ ಬಂದಾಗ ಮನೆಗೆ ಕಳಿಸುವ ಮೊದಲು ವೈದ್ಯೆ ಮಂಚದ ಬದಿ ಕುಳಿತು ಪರೀಕ್ಷೆಗೆಂದು ಕೇಳಿದರು: ಅಜ್ಜೀ, ಇವತ್ತು ತಾರೀಕು ಎಷ್ಟು? ಅತ್ತೆ ಸ್ವಲ್ಪ ಯೋಚಿಸಿ, ತಾರೀಕು ಗೊತ್ತಿಲ್ಲ ಎಂದರು. ವೈದ್ಯೆಯ ಪೆನ್ನು ಕಾಗದದ ಮೇಲೆ ನಿಂತಿತು. "ಅಮಾಸೆ ಮೊನ್ನೆ ಮುಗೀತಲ್ಲ, ಇವತ್ತು ದೊಡ್ಡ ಭರತ," ಎಂದು ಅತ್ತೆ ಮುಂದುವರಿಸಿ, ನನ್ನತ್ತ ತಿರುಗಿ, ಆಗರದ ಬದು ಗಟ್ಟಿಯಿದೆಯೋ ಇಲ್ಲವೋ ಊರಿಗೆ ಫೋನು ಮಾಡಿ ಕೇಳು ಎಂದರು. ಘಟ್ಟದ ಮೇಲಿನ ಊರಿನಿಂದ ಬಂದ ವೈದ್ಯೆಗೆ ಅದು ಉತ್ತರವೋ ಬಡಬಡಿಕೆಯೋ ತಿಳಿಯಲಿಲ್ಲ. ಎದ್ದುಹೋಗಿ ನರ್ಸುಗಳ ಮೇಜಿನ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರ್ ನೋಡಿ ಬಂದರು, ಆಮೇಲೆ ಕಾಗದದ ಮೇಲೆ ಸರಿ ಗುರುತು ಹಾಕಿದರು.